ವಿಮಾನ ಹತ್ತದ ಕೊಬ್ಬರಿ

ನಂಜನಗೂಡಿನಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುವಾಗ ಮಂಡಕಳ್ಳಿ ಬಂತೆಂದರೆ ನಾನು ಪಕ್ಕದವರ ಮೇಲೆ ಬಾಗಿಯಾದರೂ ವಿಮಾನ ನಿಲ್ದಾಣ ನೋಡುತ್ತಿದ್ದೆ. ಬೇಲಿ ಕಾಣುತ್ತಿತ್ತು, ಹುಲ್ಲು ಕಾಣುತ್ತಿತ್ತು, ವಿಮಾನ ಮಾತ್ರ ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ. "ನಮ್ಮ ಹಸ ಬಿಟ್ರೆ ಚೆನ್ನಾಗಿ ಮೇಯ್ತವೆ" ಅಂತ ಯಜಮಾನರಿಗೆ ಹೇಳುತ್ತಿದ್ದೆ.

ಅಂಥ ನಾನೇ ಮೊನ್ನೆ ಅಲ್ಲಿಂದ ಹಾರಿದೆ. ಅದನ್ನು ಬರೆಯೋಣ ಅಂತ ಫೋನು ಹಿಡಿದು ಕೂತಿದ್ದೇನೆ. ಟೈಪು ಮಾಡುವುದನ್ನು ಹೊಸದಾಗಿ ಕಲಿತಿದ್ದೇನೆ. ಆಡುವುದು ಒಂದೇ ಬೆರಳು, ಅದೂ ಮುದ್ದೆ ಕೋಲು ಹಿಡಿದು ದಪ್ಪಗಾದದ್ದು. ಸೊಸೆ ತಿದ್ದಿಕೊಡುತ್ತೇನೆ ಅಂದಳು. ಬೇಡ ಅಂದೆ. ಇದರಲ್ಲಿ ಅವಳ ವಿಷಯವೂ ಬರುತ್ತದೆ.

ನನ್ನ ಮೊಮ್ಮಗಳನ್ನು, ಎಂದರೆ ಮಗನ ಮಗಳನ್ನು, ಹೈದರಾಬಾದಿಗೆ ಕೊಟ್ಟಿದೆ. ಅವಳು ಈಗ ಬಸುರಿ. ಸೀಮಂತಕ್ಕೆ ತವರಿಗೆ ಕರೆತರೋಣ ಎಂದರೆ ಡಾಕ್ಟರು ಸದ್ಯಕ್ಕೆ ಪ್ರಯಾಣ ಬೇಡ ಅಂದುಬಿಟ್ಟರು. ಹುಡುಗಿ ಫೋನಿನಲ್ಲಿ ಅತ್ತಳು. "ಅಜ್ಜಿ, ನಂಗೆ ಮಡ್ಲು ತುಂಬೋರೆ ಇಲ್ವಾ?" ಅಂದಳು. ಸೊಸೆ ಸ್ಕೂಲು ಟೀಚರು, ಬಾಣಂತನಕ್ಕೆಂದು ರಜೆ ಉಳಿಸಿಕೊಂಡಿದ್ದಾಳೆ. ಯಜಮಾನರನ್ನು ಕೇಳಿದರೆ, "ನೆಲ ಬಿಟ್ಟು ಏಳೋ ಗಾಡಿಗೆ ನಾನು ಅತ್ತಕಿಲ್ಲ" ಅಂದರು. ಉಳಿದವಳು ನಾನು. "ನಾನೇ ಓಯ್ತೀನಿ. ತವರಿನ ಮಡ್ಲಕ್ಕಿ ತಗೊಂಡೋಗಿ ತುಂಬ್ಬುಟ್ಟು ಬತ್ತೀನಿ" ಅಂದೆ.

ಮಡಿಲಕ್ಕಿಯನ್ನು ಸೊಸೆಯೂ ನಾನೂ ಕೂತು ಕಟ್ಟಿದೆವು. ನಮ್ಮ ಗದ್ದೆಯ ಅಕ್ಕಿ, ಅಚ್ಚು ಬೆಲ್ಲ, ಅರಿಶಿನ ಕುಂಕುಮ, ಎಲೆ ಅಡಿಕೆ, ಹಸಿರು ಬಳೆ, ರವಿಕೆ ಕಣ, ಎಲ್ಲಕ್ಕಿಂತ ಮೇಲೆ ಒಂದು ಜೊತೆ ಕೊಬ್ಬರಿ ಬಟ್ಟಲು. ಕೊಬ್ಬರಿ ಇಲ್ಲದ ಮಡಿಲನ್ನು ನಮ್ಮ ಕಡೆ ಯಾರೂ ಮಡಿಲು ಅನ್ನುವುದಿಲ್ಲ. ಇನ್ನೊಂದು ಕಟ್ಟುಪಾಡೂ ಉಂಟು. ಹೆಣ್ಣುಮಗಳಿಗೆಂದು ಕಟ್ಟಿದ ಮಡಿಲು ಹೊಸಿಲು ದಾಟಿದ ಮೇಲೆ ವಾಪಸು ಬರಬಾರದು. ಅದು ಅವಳ ಗಂಡನ ಮನೆಗೇ ಹೋಗಿ ಸೇರಬೇಕು. ನಡುವೆ ಚೆಲ್ಲುವಂತಿಲ್ಲ, ಬಿಸಾಕುವಂತಿಲ್ಲ.

ಮಗ ಕಾರು ಮಾಡಿಸಿದ. ಸೊಸೆ ಮಧ್ಯಾಹ್ನದ ಕ್ಲಾಸು ಇನ್ನೊಬ್ಬರಿಗೆ ಒಪ್ಪಿಸಿ ಬಂದಳು. ನಂಜನಗೂಡಿನಲ್ಲಿ ನಿಲ್ಲಿಸಿ ದಾರಿಯಲ್ಲಿ ತಿನ್ನಲು ರಸಬಾಳೆ ಚಿಪ್ಪು ಕೊಂಡಳು. ಒಳ್ಳೇದಾಯಿತು ಅದು, ಯಾಕೆಂದು ಆಮೇಲೆ ಹೇಳುತ್ತೇನೆ.

ನಿಲ್ದಾಣ ನೋಡಿ ನನಗೆ ಸಮಾಧಾನವಾಯಿತು. ನಮ್ಮ ಕಡೆಯ ಕಲ್ಯಾಣ ಮಂಟಪಗಳು ಇದಕ್ಕಿಂತ ದೊಡ್ಡವು. ಟಿಕೆಟ್ಟು ಇದ್ದವರಿಗೆ ಮಾತ್ರ ಪ್ರವೇಶ, ಹಾಗಾಗಿ ಮಗ ಸೊಸೆ ಗಾಜಿನ ಬಾಗಿಲಾಚೆ ನಿಂತರು. ಬಾಗಿಲ ಪೊಲೀಸು ನನ್ನ ಆಧಾರ್ ಕಾರ್ಡಿನ ಫೋಟೋವನ್ನೂ ನನ್ನನ್ನೂ ತಿರುತಿರುಗಿ ನೋಡಿದ.

"ನಾನೇ ಕಣಪ್ಪ. ಪೋಟ ತೆಗೆದೋನು ನಗಬೇಡಿ ಅಂದಿದ್ದ."

"ಈಗ ನಗಬೋದು, ಓಗಿ ಅಜ್ಜಿ" ಅಂದ.

ಒಳಗೆ ಕೌಂಟರಿನಲ್ಲಿ ಒಬ್ಬಳು ಹುಡುಗಿ, ತುಟಿಗೆ ಬಣ್ಣ, ತಲೆ ಅಚ್ಚುಕಟ್ಟು. ಬ್ಯಾಗಿನಲ್ಲಿ ಬೆಂಕಿಪೊಟ್ಟಣ ಇದೆಯಾ, ಬ್ಯಾಟರಿ ಇದೆಯಾ ಅಂತ ಕೇಳುತ್ತಾ ಹೋದಳು. ಬೀಡಿ ಇದೆಯಾ ಅಂತ ಕೇಳಲಿಲ್ಲವಲ್ಲ ಅಂದೆ. ನಕ್ಕಳು. ಆಮೇಲೆ ಕೇಳಿದಳು, "ಕೊಬ್ಬರಿ ಇದೆಯಾ ಅಜ್ಜಿ?"

"ಇಲ್ದೆ ಇರುತ್ತಾ? ಮಡ್ಲಕ್ಕಿ ಕಣವ್ವ!" ಅಂತ ಗಂಟು ಬಿಚ್ಚಿ ಹೆಮ್ಮೆಯಿಂದ ತೋರಿಸಿದೆ.

ಹುಡುಗಿಯ ಮುಖ ಸಪ್ಪಗಾಯಿತು. "ಒಣಕೊಬ್ಬರಿ ವಿಮಾನಕ್ಕೆ ಬರಲ್ಲ ಅಜ್ಜಿ. ಅದರಲ್ಲಿ ಎಣ್ಣೆ ಇರುತ್ತೆ, ಬೇಗ ಬೆಂಕಿ ಹತ್ತುತ್ತೆ. ಇಲ್ಲೇ ಬಿಡಬೇಕು."

"ಬಿಡೋದು ಅಂದ್ರೆ?"

ಅವಳು ಕಣ್ಣಲ್ಲೇ ಮೂಲೆಯ ಕಸದ ಡಬ್ಬಿ ತೋರಿಸಿದಳು.

ಬಸುರಿಗೆಂದು ಕಟ್ಟಿದ ಮಡಿಲನ್ನು ಕಸಕ್ಕೆ ಹಾಕುವುದೆ? ಮಗನ ಕೈಗೆ ಕೊಡೋಣವೆಂದರೆ ವಾಪಸು ಮನೆಗೆ ಹೋಗುತ್ತದೆ. ಇಲ್ಲೇ ತಿಂದು ಮುಗಿಸೋಣವೆಂದರೆ ನನ್ನ ಬಾಯಲ್ಲಿರುವ ಹಲ್ಲಿಗೆ ಸಂಕ್ರಾಂತಿಯವರೆಗೂ ಬೇಕು. ಹುಡುಗಿಗೆ ಪಾಪ ಅನಿಸಿತು. "ಇನ್ನೂ ಟೈಮಿದೆ, ಹೊರಗಡೆ ನಿಮ್ಮೋರಿದ್ರೆ ಕೊಟ್ಟು ಬನ್ನಿ. ಆಮೇಲೆ ಬ್ಯಾಗ್ ತೂಕ ಹಾಕ್ತೀನಿ" ಅಂದಳು.

ಗಂಟು ಎತ್ತಿಕೊಂಡು ಬಾಗಿಲಿಗೆ ಬಂದೆ. ಪೊಲೀಸು ಕೈ ಅಡ್ಡ ಹಿಡಿದ. "ಒಳಗೋದೋರು ಈಚೆಗೆ ಬರಂಗಿಲ್ಲ ಅಜ್ಜಿ. ಏನಿದ್ರೂ ಬಾಗ್ಲಲ್ಲೇ ಕೊಡಿ."

ಗಾಜಿನಾಚೆ ಸೊಸೆ ಗಾಬರಿಯಿಂದ ಓಡಿ ಬಂದಳು. "ಏನಾಯ್ತು ಅತ್ತೆ?"

ಹೇಳಿದೆ. ಅವಳ ಮುಖವೂ ಬಾಡಿತು. "ಏನ್ಮಾಡದು ಅತ್ತೆ? ಮನೆಗೆ ವಾಪಸ್ ತಗೊಂಡೋಗಬಾರ್ದಲ್ಲ."

ಮಗ ಹಿಂದಿನಿಂದ, "ಕಾರಲ್ಲಿ ಇಟ್ಕೊಂಡಿರ್ತೀನಿ ಬುಡವ್ವ, ಯಾರಿಗಾದ್ರೂ ಕೊಟ್ರಾಯ್ತು" ಅಂದ.

"ನೀನು ಸುಮ್ನಿರ್ಲಾ" ಅಂದೆ.

ಸೊಸೆಯನ್ನು ನೋಡಿದೆ. ಅವಳ ತವರು ಬನ್ನೂರು. ತಾಯಿ ಇದ್ದಾಗ ಅಲ್ಲಿಂದ ಬಂದಾಗಲೆಲ್ಲ ಮಡಿಲು ತುಂಬಿಸಿಕೊಂಡೇ ಬರುತ್ತಿದ್ದಳು. ಬಂದ ತಕ್ಷಣ ಕೊಬ್ಬರಿ ಮುರಿದು ಮೊದಲ ಚೂರು ನನ್ನ ಬಾಯಿಗೇ ಹಾಕುತ್ತಿದ್ದಳು. ಆ ತಾಯಿ ಹೋದ ಮೇಲೆ ಬನ್ನೂರಿನ ಬಸ್ಸಿನಿಂದ ಬರಿ ಬ್ಯಾಗು ಹಿಡಿದು ಇಳಿಯುತ್ತಾಳೆ. ನಾನು ನೋಡಿದ್ದೇನೆ, ಏನೂ ಅಂದಿರಲಿಲ್ಲ. ಅತ್ತೆ ಸೊಸೆಗೆ ತವರಿನ ಮಡಿಲು ತುಂಬುವ ಪದ್ಧತಿ ನಮ್ಮಲ್ಲಿ ಇಲ್ಲ.

ಇಲ್ಲದಿದ್ದರೆ ಏನಂತೆ? ನಿಂತಿರುವುದು ನನ್ನ ಮನೆಯ ಬಾಗಿಲಲ್ಲಿ ಅಲ್ಲವಲ್ಲ, ಸರ್ಕಾರದ ಬಾಗಿಲಲ್ಲಿ.

"ಸೆರಗು ಒಡ್ಡಮ್ಮಿ" ಅಂದೆ.

"ಅತ್ತೆ?"

"ಒಡ್ಡು ಅಂದೆ. ಇವತ್ತು ನಾನು ನಿನ್ನ ಅತ್ತೆ ಅಲ್ಲ, ನಿಮ್ಮವ್ವ. ಇಲ್ಲಿಂದ ನೀನು ಓಗೋದು ಗಂಡನ ಮನೆಗೆ ತಾನೇ? ಮಡ್ಲೂ ಅಲ್ಲಿಗೇ ಓಯ್ತದೆ. ವಾಪಸ್ ಎಂಗಾಯ್ತದೆ?"

ಅವಳು ಸುತ್ತ ಒಮ್ಮೆ ನೋಡಿದಳು. ಆಮೇಲೆ ಸೆರಗು ಒಡ್ಡಿದಳು. ಹಣೆಗೆ ಕುಂಕುಮವಿಟ್ಟು, ಬೊಗಸೆ ತುಂಬ ಅಕ್ಕಿ ಹಾಕಿ, ಮೇಲೆ ಕೊಬ್ಬರಿ ಬಟ್ಟಲು ಇಟ್ಟೆ. ಒಂದಿಷ್ಟು ಅಕ್ಕಿ ನೆಲಕ್ಕೆ ಉದುರಿತು. ಪೊಲೀಸು ಬಯ್ಯುತ್ತಾನೆ ಅಂದುಕೊಂಡೆ. ಅವನು ಬಗ್ಗಿ ಕಾಳು ಆರಿಸುತ್ತಾ, "ನಮ್ಮವ್ವನೂ ಇಂಗೇ ಕಣಜ್ಜಿ, ಎಲ್ಲಿ ಬೇಕಂದ್ರಲ್ಲಿ ಶಾಸ್ತ್ರ" ಅಂದ.

ಸೊಸೆ ಕಣ್ಣೊರೆಸಿಕೊಂಡಳು. ಆಮೇಲೆ ಅವಳೊಳಗಿನ ಟೀಚರು ಎಚ್ಚೆತ್ತಳು. "ಮಗಳ ಮಡ್ಲಿಗೆ ಕೊಬ್ಬರಿ ಬದಲು ಏನಿಡ್ತೀರಿ ಅತ್ತೆ? ಬರಿ ಜಾಗ ಬಿಡಬೇಡಿ." ಕಾರಿಗೆ ಓಡಿ ರಸಬಾಳೆ ಚಿಪ್ಪು ತಂದಳು. ದಾರಿಯಲ್ಲಿ ನನ್ನ ಮಗ ಅದರಲ್ಲಿ ಕೈಯಾಡಿಸಿದ್ದ, ಚಿಪ್ಪಿನ ಒಂದು ಕಡೆ ಬೋಳಾಗಿತ್ತು. ಉಳಿದದ್ದು ಘಮಘಮ ಅನ್ನುತ್ತಿತ್ತು.

ಚಿಪ್ಪನ್ನು ಬ್ಯಾಗಿಗೆ ಹಾಕಿದರೆ ಜಜ್ಜಿ ಹೋಗುತ್ತದೆಂದು ಮಗುವಿನ ಹಾಗೆ ಕೈಯಲ್ಲೇ ಹಿಡಿದುಕೊಂಡೆ. ಪುಟ್ಟ ವಿಮಾನ, ರೆಕ್ಕೆಯ ಮೇಲೆ ಫ್ಯಾನು. ಒಳಗೆಲ್ಲ ರಸಬಾಳೆಯ ವಾಸನೆ ಹರಡಿ, ಹಿಂದಿನ ಸೀಟಿನವರು, "ಯಾವೂರು ಹಣ್ಣು ಅಮ್ಮ?" ಅಂದರು.

"ನಂಜನಗೂಡಿಂದು. ಕೊಡಂಗಿಲ್ಲ, ಮಡ್ಲಿಂದು" ಅಂದೆ. ಮೇಲಿನಿಂದ ನಮ್ಮ ಕಪಿಲೆ ಹೊಳೆ ಕಂಡಿತೋ ಇಲ್ಲವೋ ಗೊತ್ತಿಲ್ಲ, ವಿಮಾನ ಏಳುವಾಗ ಕಣ್ಣು ಮುಚ್ಚಿದವಳು ಬಹಳ ಹೊತ್ತು ತೆರೆಯಲೇ ಇಲ್ಲ.

ಸೀಮಂತದಲ್ಲಿ ಮೊಮ್ಮಗಳ ಮಡಿಲಿಗೆ ಅಕ್ಕಿಯ ಮೇಲೆ ಆ ಚಿಪ್ಪನ್ನೇ ಇಟ್ಟೆ. ಅವಳ ಅತ್ತೆಮನೆಯವರು ಕೊಬ್ಬರಿ ಎಲ್ಲಿ ಎಂದು ಹುಡುಕಿದರು. ಅವಳಿಗೆ ಹುಡುಕುವಷ್ಟು ತಾಳ್ಮೆ ಎಲ್ಲಿ? ಆರತಿ ಮುಗಿಯುವ ಮೊದಲೇ ಒಂದು ಹಣ್ಣು ಸುಲಿದಿದ್ದಳು.

ನಾನು ಊರಿಗೆ ಮರಳಿದ ದಿನ ಸೊಸೆ ಅಡುಗೆಮನೆಯಿಂದ ಬಂದು, "ಬಾಯಿ ತೆಗೀರಿ ಅತ್ತೆ" ಅಂದಳು. ತೆಗೆದೆ. ಕೊಬ್ಬರಿ ಚೂರು. ಅಷ್ಟು ದಿನ ಮುರಿಯದೆ ಇಟ್ಟಿದ್ದಳಂತೆ.

ಈಗಲೂ ಅದರದೇ ಒಂದು ಚೂರನ್ನು ಒಂದು ಕಡೆಯ ಹಲ್ಲಿನಲ್ಲಿ ಅಗಿಯುತ್ತಾ ಟೈಪು ಮಾಡುತ್ತಿದ್ದೇನೆ, ಈ ಬೆರಳು ಅದಕ್ಕೇ ಇಷ್ಟು ನಿಧಾನ.