ನಿಮ್ಮಪ್ಪಗ ಕೇಳು, ಮಂಜರಿ

ಕಾತ್ರಜದ ಗೋದಾಗೆ ಮಾತು ಬಾರದು ಅಂದರೆ ಓಣಿಯ ಜನ ನಗುತ್ತಾರೆ. ತರಕಾರಿಯವಳ ಜೊತೆ ಮರಾಠಿಯಲ್ಲಿ ಜಗಳ ತೆಗೆದು, ಅದೇ ಮರಾಠಿಯಲ್ಲಿ ನಗಿಸಿ, ಒಂದು ಹಿಡಿ ಕೊತ್ತಂಬರಿ ಪುಕ್ಕಟೆ ಇಸಗೊಂಡು ಬರುವಾಕೆ. ಆ ಮಾತೆಲ್ಲ ಮನೆಯ ಹೊಸ್ತಿಲ ಹೊರಗೇ ನಿಲ್ಲುತ್ತಿತ್ತು.

ಮೊದಲು ಹೀಗಿರಲಿಲ್ಲ. ಗಂಡ ಕೃಷ್ಣಾಜಿ ಹಡಪಸರದ ಒಂದು ಗೋದಾಮಿನಲ್ಲಿ ಸುಪರ್‌ವೈಜರ್. ದಿನವಿಡೀ ಸಾಹೇಬನ ಬೈಗುಳ, ಲಾರಿಯವರ ತಕರಾರು, ಬಸ್ಸಿನಲ್ಲಿ ನಿಂತೇ ಬರುವುದು. ಬಂದವನ ಮುಂದೆ ಗೋದಾ ದಿನದ ಸುದ್ದಿಯ ಗಂಟು ಬಿಚ್ಚುವಳು. ಒಂದು ಸಂಜೆ ಆತ, "ತಲಿ ತಿನಬ್ಯಾಡ, ಕೆಲಸದ್ದೇನರ ಇದ್ರ ಹೇಳು" ಅಂದ.

"ಆತ್ರಿ, ಇನ್ನ ತಿನ್ನೂದಿಲ್ಲ" ಅಂದಳು ಈಕೆ.

ಸಮಾಧಾನದ ಒಂದು ಮಾತು ಬರಲಿ ಅಂತ ಈಕೆ ಕಾದಳು. ಹೆಂಡತಿಗೆ ಬುದ್ಧಿ ಬಂತು ಅಂದುಕೊಂಡು ಅವನು ನಿದ್ದೆ ಹೋದ.

ಮಗಳು ಮಂಜರಿ ಆಗ ಶಾಲೆಗೆ ಹೋಗುವ ಹುಡುಗಿ. ಅಂದಿನಿಂದ ಮೂವರೂ ಒಂದೇ ಚಾಪೆಯ ಮೇಲೆ ಉಣ್ಣಲು ಕೂತರೆ, "ಮಂಜರಿ, ನಿಮ್ಮಪ್ಪಗ ಕೇಳು, ಪಲ್ಯಾ ಹಾಕ್ಲೇನು?"

"ಸಾಕಂತ ಹೇಳು ನಿಮ್ಮವ್ವಗ."

ಇಬ್ಬರ ಮಾತೂ ಇಬ್ಬರಿಗೂ ಕೇಳುತ್ತಿತ್ತು. ಆದರೂ ಮಂಜರಿ ತಿರುಗಿ ಹೇಳಬೇಕು, ಆಮೇಲೇ ಸೌಟು ಕೆಳಗಿಳಿಯುವುದು. "ಈ ಕೆಲಸಕ್ಕ ನನಗ ಪಗಾರ ಕೊಡ್ರಿ" ಅನ್ನುತ್ತಿದ್ದಳು ಹುಡುಗಿ. ಇಬ್ಬರೂ ನಗುತ್ತಿದ್ದರು, ಬೇರೆ ಬೇರೆ ಕಡೆ ನೋಡುತ್ತ.

ಮಂಜರಿಯ ಮದುವೆಯಾಯಿತು. ಜೇಜುರಿಯ ಖಂಡೋಬಾನ ಗುಡಿಗೆ ಹೋದಾಗ ಹೊಸ ಜೋಡಿಯ ರೂಢಿಯಂತೆ ಅಳಿಯ ಪ್ರಣವ ಹೆಂಡತಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ. "ಭಾಳ ಭಾರ ಇದ್ದೀ" ಅಂತ ಅವನು, "ಹಂಗಾರ ಇಳಸ್ರಿ" ಅಂತ ಇವಳು. ಹಿಂದೆ ಬರುತ್ತಿದ್ದ ಗೋದಾ ಭಂಡಾರದ ಅರಿಶಿನ ತೂರಿ ಖಂಡೋಬಾನನ್ನು ಬೇಡಿಕೊಂಡಳು: ಇವರಿಬ್ಬರ ಮಾತು ನಿಲ್ಲದಿರಲಿ, ಬೇರೇನೂ ಬೇಡ.

ಮಗಳು ಹಡಪಸರದ ಗಂಡನ ಮನೆಗೆ ಹೋದರೂ ಆ ಚಾಕರಿ ಅವಳನ್ನು ಬಿಡಲಿಲ್ಲ. ಕೃಷ್ಣಾಜಿ ಫೋನು ಹಚ್ಚಿ, ಸ್ಪೀಕರ್ ಮಾಡಿ ಚಾಪೆಯ ಮೇಲಿಡುತ್ತಿದ್ದ. "ನಿಮ್ಮವ್ವಗ ಹೇಳು, ನಾಳೆ ಡಬ್ಬಿ ಬ್ಯಾಡ."

ಮೊನ್ನೆ ರವಿವಾರ ಗೋದಾ ಒಬ್ಬಳೇ ಮಗಳ ಮನೆಗೆ ಊಟಕ್ಕೆ ಹೋದಳು. ಪ್ರಣವನ ಕಂಪನಿಯಲ್ಲಿ ಜನರನ್ನು ಕೆಲಸದಿಂದ ತೆಗೆಯುತ್ತಿದ್ದರು. ತಟ್ಟೆಯ ಪಕ್ಕದಲ್ಲೇ ಲ್ಯಾಪ್‌ಟಾಪು. ಮಂಜರಿ ಚಪಾತಿ ಹಿಡಿದು ನಿಂತಳು.

"ಅವ್ವಾ, ಅವರಿಗೆ ಕೇಳು, ಇನ್ನೊಂದು ಹಾಕ್ಲೇನಂತ."

"ಬ್ಯಾಡಂತ ಹೇಳ್ರಿ, ಅತ್ತಿ."

ಗೋದಾ ಮಗಳನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು. "ಇಲ್ಲೇ ಕೂತಾನಲ್ಲ. ಅವಗೇನು ಕಿವಿ ಇಲ್ಲೇನ?"

"ಅಪ್ಪಗ ಇದ್ದಿಲ್ಲೇನವಾ ಕಿವಿ?"

ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೋದಾ ಒಂದೇ ಮಾತನ್ನು ಕೂಡಿಸಿದಳು, ಮುರಿದಳು, ಮತ್ತೆ ಕೂಡಿಸಿದಳು. ಮನೆಗೆ ಬಂದು ಚಪ್ಪಲಿ ಬಿಡದೆ ಗಂಡನೆದುರು ನಿಂತಳು.

"ಏನ್ರಿ, ಮಂಜರಿ ಸಲುವಾಗರ ನಾವಿಬ್ಬರು ಮಾತಾಡೂಣು."

ಕೃಷ್ಣಾಜಿ ಗಾಬರಿಯಾಗಿ ಅವಳನ್ನು ನೋಡಿದ. ಕೈ ತಾನಾಗಿ ಫೋನಿಗೆ ಹೋಯಿತು.

"ಮಂಜರಿ, ನಿಮ್ಮವ್ವ ಏನೋ ಅನ್ಲಿಕತ್ತಾಳ. ಏನಂತ ಕೇಳು."

"ಏನವ್ವಾ?" ಮಗಳ ದನಿ ದಣಿದಿತ್ತು.

ಗೋದಾ ಚಪ್ಪಲಿ ಬಿಟ್ಟಳು. "ಏನಿಲ್ಲವಾ. ಚಹಾ ಮಾಡ್ಲೇನಂತ ಕೇಳು ನಿಮ್ಮಪ್ಪಗ."

"ಮಾಡಂತ ಹೇಳು" ಅಂದ ಕೃಷ್ಣಾಜಿ.

ಮಗಳು ತಿರುಗಿ ಹೇಳುವ ತನಕ ಗೋದಾ ಗ್ಯಾಸು ಹಚ್ಚಲಿಲ್ಲ.