ಕುಂಭಾರಿ ದಾಟಿದ ಮೇಲೆ

ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ರೇಣುಕಾ ಹೆಣ್ಣುಮಗು ಹಡೆದಳು. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಕೂಸಿಗೆ ತಲೆ ತುಂಬ ಕೂದಲು. ನರ್ಸಬಾಯಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ಅದು ಒಂದೇ ಕಣ್ಣು ತೆರೆದು ನನ್ನನ್ನು ನೋಡಿತು, ಇಷ್ಟು ನೋಡಿದ್ದು ಸಾಕು ಎನ್ನುವ ಹಾಗೆ ಮತ್ತೆ ಮುಚ್ಚಿಕೊಂಡಿತು. ನಮಗಿರುವುದು ರೇಣುಕಾ ಒಬ್ಬಳೇ ಮಗಳು. ಆಕೆಯ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ನಾನು ಆಯಿ ಆದೆ, ನಮ್ಮ ಮನೆಯವರು ಮುತ್ಯಾ ಆದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಗುರುತಿದ್ದವರಿಗೂ ಗುರುತಿಲ್ಲದವರಿಗೂ ಪೇಢೆ ಹಂಚಿದೆ. ಯಾರನ್ನೋ ಇಳಿಸಲು ಬಂದ ಆಟೋದವನಿಗೆ ಎರಡು ಕೊಟ್ಟೆ.

ಇಷ್ಟು ಸಂತೋಷದ ಹೊತ್ತಿನಲ್ಲಿ ಹಳೆಯ ಸಂಗತಿಯೊಂದನ್ನು ಬರೆಯಲು ಕುಳಿತಿದ್ದೇನೆ. ಯಾಕೆಂದರೆ ನಿನ್ನೆ ಸಂಜೆ ಅದು ತಾನಾಗಿಯೇ ಹೊರಗೆ ಬಂತು. ರೇಣುಕಾ ಮಲಗಿದ್ದಾಳೆ, ಕೂಸೂ ಮಲಗಿದೆ, ನಾನು ಮಂಚದ ಬದಿಗೆ ಕುಳಿತು ಬರೆಯುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ತಪ್ಪಿದ್ದರೆ ಸರಿಮಾಡಿಕೊಂಡು ಓದಿರಿ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಇಂಥ ಸಂಗತಿಗಳನ್ನು ನಾನು ಎಂದೂ ನಂಬಿದವಳಲ್ಲ. ಮೂವತ್ತು ವರ್ಷ ಬೀಡಿ ಕಟ್ಟಿದೆ. ಹೆಣ್ಣುಮಕ್ಕಳು ಸಾಲಾಗಿ ಕುಳಿತು ಎಲೆ ಕತ್ತರಿಸುತ್ತ, ತಂಬಾಕು ತುಂಬುತ್ತ ಏನೇನೋ ಹೇಳುತ್ತಿದ್ದರು. ಸತ್ತ ಅತ್ತೆ ಹಿತ್ತಲಲ್ಲಿ ನಿಂತಿದ್ದಳಂತೆ, ಊರಿಗೆ ಹೋದ ಗಂಡ ಪೇಟೆಯಲ್ಲಿ ಕಂಡನಂತೆ. ಎಲ್ಲರೂ ಕೈ ನಿಲ್ಲಿಸಿ ಕೇಳುವಾಗ ನಾನೊಬ್ಬಳು, “ನಿದ್ದಿಗಣ್ಣಾಗ ನೋಡಿರ್ತಿ, ಕೈ ಆಡಸು, ಇನ್ನಾ ಅರ್ಧ ಬುಟ್ಟಿ ಅದ” ಎಂದು ನಗುತ್ತಿದ್ದೆ. ಈಗ ಹೇಳುವವಳು ನಾನೇ ಆಗಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಐದು ವರ್ಷದ ಹಿಂದಿನ ಮಾತು. ನಮ್ಮ ಮನೆಯವರು ಮೊದಲು ಮಿಲ್ಲಿನಲ್ಲಿ, ಅದು ಮುಚ್ಚಿದ ಮೇಲೆ ಟಾವೆಲ್ ನೇಯುವ ಪಾವರ್‌ಲೂಮಿನಲ್ಲಿ ದುಡಿದವರು. ಎದೆಯಲ್ಲಿ ಹತ್ತಿಯ ಧೂಳು ಕೂತುಬಿಟ್ಟಿದೆ. ಚಳಿ ಬಂತೆಂದರೆ ಕೆಮ್ಮು ಬಿಡುವುದಿಲ್ಲ. ಆ ವರ್ಷ ಅವರು ಕೆಲಸ ಬಿಟ್ಟರು, ನಾನೂ ಬೀಡಿ ಬಿಟ್ಟೆ. ಚಳಿಗಾಲದಲ್ಲಿ ಸಮುದ್ರದ ಗಾಳಿಗೆ ಹೋಗಿ ಇರಿ ಎಂದು ಡಾಕ್ಟರು ಹೇಳಿದರು. ನಮ್ಮ ಅಳಿಯ ಮಹೇಶ ಕೊಂಕಣದ ಒಂದು ಸಣ್ಣ ಊರಿನಲ್ಲಿ ಒಂದು ತಿಂಗಳಿಗೆ ಕೋಣೆ ನೋಡಿಕೊಟ್ಟ. ಹುಟ್ಟಿದಾಗಿನಿಂದ ನಾವಿಬ್ಬರೂ ಸೂಟಿ, ರಜೆ ಎಂದು ಎಲ್ಲಿಗೂ ಹೋದವರಲ್ಲ. ನಾನು ಸಮುದ್ರವನ್ನು ಟಿವಿಯಲ್ಲಿ ಬಿಟ್ಟರೆ ನೋಡಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಆ ಮನೆಯ ಮುಂದೆ ಇಳಿದೆವು. ಮನೆಯೊಡತಿ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು, ಮೂವತ್ತೈದರ ಹೆಂಗಸು. ಅವಳದು ಮರಾಠಿ. ಸೊಲ್ಲಾಪುರದವರಾದ ನಮಗೆ ಅದು ಮನೆಮಾತಿನಷ್ಟೇ ಸಲೀಸು. ಇಲ್ಲಿ ಕನ್ನಡದಲ್ಲಿಯೇ ಬರೆಯುತ್ತೇನೆ, ಮಾವಶಿ ಎಂದರೆ ಚಿಕ್ಕವ್ವ ಅಷ್ಟೇ. ನನ್ನನ್ನು ನೋಡಿದವಳೇ ಕೈ ಒರೆಸಿಕೊಂಡು ಬಂದು ನನ್ನ ಚೀಲ ಇಸಿದುಕೊಂಡಳು.

“ಬಂದಿರಾ ಮಾವಶಿ? ಈ ಸಲ ಯಜಮಾನರನ್ನೂ ಕರೆದುಕೊಂಡು ಬಂದಿರಿ, ಒಳ್ಳೆಯದಾಯಿತು.”

ಬೇರೆ ಯಾರೋ ಎಂದುಕೊಂಡಿರಬೇಕು, ನಾನು ಸಮುದ್ರಕ್ಕೆ ಬಂದದ್ದೇ ಇದು ಮೊದಲು ಎಂದೆ. ಅವಳು ನಕ್ಕಳು. ನನ್ನ ಬಲಗೈ ಹಿಡಿದು ಹೆಬ್ಬೆರಳನ್ನು ಮೇಲೆ ಮಾಡಿದಳು. ಬೀಡಿಯ ಬಾಯಿ ಮಡಚಿ ಮಡಚಿ ನನ್ನ ಆ ಉಗುರು ಒಂದು ಬದಿಗೆ ಪೂರಾ ಸವೆದಿದೆ.

“ಈ ಉಗುರು ಮರೆಯುತ್ತೇನಾ? ಬೀಡಿ ಕಟ್ಟಿ ಹೀಗಾಯಿತು ಅಂತ ನೀವೇ ಹೇಳಿದ್ದಿರಿ.”

ನಮ್ಮ ಮನೆಯವರಿಗೆ ಅದು ದೊಡ್ಡ ಮೋಜಾಯಿತು. “ನಿನ್ನಂಥ ಮುಖ ಪ್ಯಾಟಿ ತುಂಬ ಸಿಗ್ತಾವ ಬಿಡು, ರೇಣುನವ್ವಾ. ಇಲ್ಲೂ ಒಂದು ಇದ್ದಿರಬೇಕು” ಎಂದು ಮೂರು ದಿನ ಕಾಡಿದರು. ಆ ಮೂರು ದಿನ ಎಷ್ಟು ಚೆನ್ನಾಗಿದ್ದವು ಎಂದು ಹೇಳಲಾರೆ. ಪುಣೆ, ಮುಂಬೈ ಕಡೆಯಿಂದ ನಮ್ಮಂಥ ವಯಸ್ಸಾದ ಜೋಡಿಗಳು ಬಹಳ ಬಂದಿದ್ದವು. ಬೆಳಿಗ್ಗೆ ಎಲ್ಲರೂ ಕಿವಿಗೆ ಮಫ್ಲರ್ ಸುತ್ತಿಕೊಂಡು ದಂಡೆಯ ಮೇಲೆ ನಡೆಯುವುದು, ಬಿಸಿಲೇರಿದರೆ ನೆರಳಿಗೆ ಕೂತು ಸೊಸೆಯರ ಸುದ್ದಿ ಹೇಳುವುದು. ನಮ್ಮವರು ಪ್ಯಾಂಟು ಮೊಣಕಾಲ ತನಕ ಮಡಚಿ ನೀರಿಗಿಳಿದು, “ಬಾ, ನೀರ ಕಚ್ಚಂಗಿಲ್ಲ” ಎಂದು ನನ್ನ ಕೈ ಹಿಡಿದರು. ನಾಲ್ಕು ಜನರ ಎದುರಿಗೆ ಅವರು ನನ್ನ ಕೈ ಹಿಡಿದದ್ದು ಮದುವೆಯ ದಿನ ಬಿಟ್ಟರೆ ಅದೇ.

ನಾಲ್ಕನೆಯ ದಿನ ಮಧ್ಯಾಹ್ನ ನಾವು ಅಡುಗೆಮನೆಯ ಬಾಗಿಲಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆವು. ಮನೆಯೊಡತಿ ಅಕ್ಕಿಯ ರೊಟ್ಟಿ ಬಡಿಯುತ್ತಿದ್ದಳು. ಮೊದಲ ರೊಟ್ಟಿಯನ್ನು ಹಂಚಿಗೆ ಹಾಕುವ ಮುಂಚೆ ಅದರ ಅಂಚಿಗೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿದಳು. ಬೆಂದ ಮೇಲೆ ಅದನ್ನು ಬೇರೆ ತೆಗೆದಿಟ್ಟಳು.

ಅದು ನಮ್ಮವ್ವನ ರೂಢಿ. ಮೊದಲ ರೊಟ್ಟಿ ಬೀದಿಯ ಆಕಳಿಗೆ ಎಂದು ಅನೇಕರು ತೆಗೆದಿಡುತ್ತಾರೆ, ಆದರೆ ಮಕ್ಕಳು ಹಸಿದು ಅದನ್ನೇ ತಿಂದುಬಿಡಬಾರದೆಂದು ಗುಳಿ ಒತ್ತಿ ಗುರುತು ಮಾಡುತ್ತಿದ್ದವಳು ನಮ್ಮವ್ವ ಒಬ್ಬಳೇ. ಅವಳಿಂದ ನನ್ನ ಅಕ್ಕನಿಗೆ ಬಂತು, ನನಗೆ ಬಂತು. ನಮ್ಮ ಮನೆಯವರು ನಲವತ್ತೆರಡು ವರ್ಷದಿಂದ ಆ ಗುಳಿಯನ್ನು ದಿನಾ ನೋಡುತ್ತ ಬಂದವರು. ಅವರು ಕಪ್ಪನ್ನು ಕೆಳಗಿಟ್ಟರು.

“ಇದನ್ನು ನಿಮಗೆ ಯಾರು ಕಲಿಸಿದರು?” ಎಂದು ಕೇಳಿದರು.

“ಮಾವಶಿಯೇ. ಸಂಕ್ರಾಂತಿಗೆ ಬಂದಿದ್ದರಲ್ಲ, ಎಂಟು ದಿನ. ಒಬ್ಬರೇ ಇದ್ದರು. ಹಿಂದಿನಿಂದ ಬರುವವರಿದ್ದಾರೆ ಎಂದು ದಿನಾ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದರು. ಯಾರೂ ಬರಲಿಲ್ಲ. ನನಗೂ ಪಾಪ ಅನ್ನಿಸಿತು.”

ಆ ಸಂಕ್ರಾಂತಿಯ ಎಂಟು ದಿನ ನಾನು ಎಲ್ಲಿದ್ದೆ ಎನ್ನುವುದು ನನಗೆ ಗೊತ್ತಿದೆ. ಅಕ್ಕಲಕೋಟೆಯಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದೆ. ಅಕ್ಕ ವಿಧವೆ, ಮಕ್ಕಳಿಲ್ಲ, ಹಾಸಿಗೆ ಹಿಡಿದಿದ್ದಳು. ಗಂಜಿ ಕುಡಿಸಿ, ಮೈ ಒರೆಸಿ, ಅವಳ ಕಾಲ ಬುಡಕ್ಕೆ ಮಲಗಿದವಳು ನಾನು. ಅಲ್ಲಿ ಫೋನ್ ಇರಲಿಲ್ಲ. ನಮ್ಮ ಮನೆಗೂ ಆಗ ಒಂದೇ ಫೋನು, ಅದು ನಮ್ಮವರ ಜೇಬಿನಲ್ಲಿ. ಯುಗಾದಿಗೆ ಅಕ್ಕ ತೀರಿಕೊಂಡಳು. ನನ್ನ ಪರವಾಗಿ ಹೇಳುವ ಬಾಯಿ ಅವಳೊಂದಿಗೇ ಹೋಯಿತು.

ಅಂದು ಸಂಜೆ ದಂಡೆಯ ಮೇಲೆ ನಮ್ಮವರು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಸೂರ್ಯ ಇನ್ನೂ ಮುಳುಗಿರಲಿಲ್ಲ, ಸುತ್ತಲೂ ಮಂದಿ ಭೇಳಪುರಿ ತಿನ್ನುತ್ತ ಕುಳಿತಿದ್ದರು. ಆಮೇಲೆ ನಿಂತು ಕೇಳಿದರು.

“ಯಾರ ಹಾದಿ ಕಾಯ್ತಿದ್ದಿ?”

“ಏನ್ ಕೇಳಾಕತ್ತೀರಿ? ನೀವs ನನ್ನ ಅಕ್ಕಲಕೋಟಿ ಬಸ್ಸಿಗೆ ಹತ್ತಿಸಿದ್ರಲ್ಲ. ಕಿಡಕಿ ಬಾಜೂಕ ಕೂಡಿಸಿ, ಟಿಕೀಟ ತಗದು ಕೈಯಾಗ ಕೊಟ್ಟು ಹೋದ್ರಿ.”

“ಹತ್ತಿಸಿದ್ದು ಖರೆ. ಕುಂಭಾರಿ ದಾಟಿದ ಮ್ಯಾಲ ನೀ ಎಲ್ಲಿ ಇಳದಿ ಅನ್ನೂದು ನಾ ನೋಡೀನೇನು?”

ಕುಂಭಾರಿ ಎಂದರೆ ಅಕ್ಕಲಕೋಟೆಯ ದಾರಿಯಲ್ಲಿ ನಮ್ಮ ಊರು ಬಿಟ್ಟೊಡನೆ ಸಿಗುವ ಹಳ್ಳಿ. ಈ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಅವರು ಎಂದೂ ನನ್ನ ಮೇಲೆ ಕೈ ಎತ್ತಿದವರಲ್ಲ, ಬೈದದ್ದೂ ಕಡಿಮೆ. ನಾನು ದುಡಿದದ್ದು, ಉಂಡದ್ದು, ಅತ್ತದ್ದು ಎಲ್ಲ ಅವರ ಕಣ್ಣೆದುರಿಗೇ. ಅಂಥವರು ನಾಲ್ಕು ದಿನದ ಗುರುತಿನ ಹೆಂಗಸಿನ ಮಾತನ್ನು ಖರೆ ಮಾಡಿದರು, ನಲವತ್ತೆರಡು ವರ್ಷದ ಹೆಂಡತಿಯ ಮಾತನ್ನು ಸುಳ್ಳು ಮಾಡಿದರು. ನಾನು ಅಲ್ಲೇ ಮರಳಿನ ಮೇಲೆ ಕುಳಿತುಬಿಟ್ಟೆ.

ಆ ಮನೆಯೊಡತಿ ಸುಳ್ಳು ಹೇಳಿದಳೆನ್ನಲೇ? ಅದರಿಂದ ಅವಳಿಗೇನು ಸಿಗಬೇಕು? ನಮ್ಮ ಅಕ್ಕನೇ ಯಾವಾಗಲೋ ಅಲ್ಲಿಗೆ ಹೋಗಿ ರೊಟ್ಟಿ ಕಲಿಸಿರಬಹುದೇ ಎಂದೂ ಯೋಚಿಸಿದೆ. ಆದರೆ ಅಕ್ಕ ನನಗಿಂತ ಒಂದು ಗೇಣು ಎತ್ತರ, ಬೀಡಿ ಮುಟ್ಟಿದವಳಲ್ಲ, ಆ ಸಂಕ್ರಾಂತಿಗೆ ಎದ್ದು ಕೂಡುವ ಶಕ್ತಿಯೂ ಅವಳಲ್ಲಿರಲಿಲ್ಲ. ಮರುದಿನ ಮನೆಯೊಡತಿಯನ್ನು ಒಬ್ಬಳನ್ನೇ ಕರೆದು ಕೈ ಮುಗಿದು ಕೇಳಿದೆ, ನನ್ನನ್ನು ಸರಿಯಾಗಿ ನೋಡು ತಾಯಿ ಎಂದೆ. ಅವಳು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು.

“ನಿಮ್ಮ ಮನೆಯಲ್ಲಿ ತೊಂದರೆ ಆಗುತ್ತದೆಂದರೆ ನಾನು ತಪ್ಪು ನೋಡಿದೆ ಅಂತ ಹೇಳುತ್ತೇನೆ ಮಾವಶಿ. ಆದರೆ ಅವರು ನೀವೇ.”

ಅವಳು ಹಾಗೆಯೇ ನಮ್ಮವರಿಗೆ ಹೇಳಿದಳು, ತಪ್ಪು ನೋಡಿದೆ ಎಂದು. ಅದರಿಂದ ಅವರ ಸಂಶಯ ಇನ್ನಷ್ಟು ಗಟ್ಟಿಯಾಯಿತು. ಒಂದು ತಿಂಗಳಿಗೆಂದು ಹೋದವರು ಹನ್ನೆರಡು ದಿನಕ್ಕೆ ತಿರುಗಿ ಬಂದೆವು. ಎದೆ ಹಗುರಾಗಿದೆ, ಇನ್ನು ಸಾಕು ಎಂದು ಅಳಿಯನಿಗೆ ಹೇಳಿದರು.

ಜನವರಿಯಲ್ಲಿ ಒಂದು ದಿನ ನಮ್ಮವರು ವರ್ಷದ ಜೋಳ ತರಲು ಮಂಗಳವೇಢೆಗೆ ಹೋಗುತ್ತೇನೆಂದು ಮುಂಜಾನೆಯೇ ಚೀಲ ಹಿಡಿದು ಹೊರಟರು. ಸಂಜೆ ಖಾಲಿ ಚೀಲ ತಂದರು. ಜೋಳ ಚೆನ್ನಾಗಿರಲಿಲ್ಲ ಎಂದರು, ಊಟ ಮಾಡಿದರು.

ಯುಗಾದಿಗೆ ಅಕ್ಕನ ವರ್ಷದ ಕಾರ್ಯಕ್ಕೆ ನಾನೊಬ್ಬಳೇ ಅಕ್ಕಲಕೋಟೆಗೆ ಹೋದೆ. ಅಕ್ಕನ ನೆರೆಮನೆಯ ಶಾಂತಕ್ಕ ಎಲೆ ಹಾಸುತ್ತ ಹಾಸುತ್ತ ನಕ್ಕಳು.

“ನಿನ್ನ ಗಂಡ ಎಂಥವ್ನೇ ನಮ್ಮವ್ವಾ. ಸಂಕ್ರಾಂತಿ ಆದ ಮ್ಯಾಲ ಬಂದಿದ್ದ, ಕೈಯಾಗೊಂದು ಖಾಲಿ ಚೀಲ. ಹ್ವಾದ ವರ್ಷ ನಮ್ಮಾಕಿ ಇಲ್ಲಿ ಎಷ್ಟು ದಿನ ಇದ್ಲು ಅಂತ ಕೇಳ್ತಾನ. ಎಂಟೂ ದಿನ ಇದ್ಲು, ದಿನಾ ಮುಂಜಾನಿ ನಮ್ಮ ನಳಕ್ಕ ನೀರಿಗೆ ಬರ್ತಿದ್ಲು ಅಂದೆ. ಒಂದ ದಿನಾನೂ ಬಿಡಲಿಲ್ಲೇನು ಅಂತಾನ. ಬಿಟ್ಟಿದ್ರ ನಿನ್ನ ಹೆಂಡ್ತಿ ಅಕ್ಕನ ಬಾಯಿಗೆ ನೀರ್ ಯಾರ್ ಹಾಕ್ತಿದ್ರೋ ಅಂದೆ. ಚಾ ಸುದ್ದಾ ಕುಡೀಲಿಲ್ಲ, ಹ್ವಾದ.”

ಓದುವ ನೀವು ಹೇಳಿರಿ. ಸಂಶಯ ಬಂದದ್ದನ್ನು ನಾನು ಹೇಗೋ ನುಂಗಿದ್ದೆ. ಆ ಗುಳಿ ನೋಡಿದರೆ ಯಾರಿಗಾದರೂ ಬರುತ್ತಿತ್ತು. ಆದರೆ ನನ್ನ ಬೆನ್ನ ಹಿಂದೆ ಬೀದಿಯಲ್ಲಿ ವಿಚಾರಿಸಿದರು. ವಿಚಾರಿಸಿ, ನನ್ನ ಮಾತು ಖರೆ ಎಂದು ತಿಳಿದುಕೊಂಡರು. ತಿಳಿದ ಮೇಲೂ ಮನೆಗೆ ಬಂದು ಜೋಳದ ಸುಳ್ಳು ಹೇಳಿ, ನಾನು ಬಡಿಸಿದ್ದನ್ನು ಉಂಡು ಮಲಗಿದರು. ನೀನು ಹೇಳಿದ್ದು ಖರೆ ಇತ್ತು ಎನ್ನಲು ಎಷ್ಟು ಹೊತ್ತು ಬೇಕು? ಇವತ್ತು ಹೇಳಿಯಾರು, ನಾಳೆ ಹೇಳಿಯಾರು ಎಂದು ಕಾದೆ. ಅವರು ಹೇಳಲಿಲ್ಲ, ನನಗೆ ತಿಳಿದಿದೆ ಎಂದು ನಾನೂ ಹೇಳಲಿಲ್ಲ. ಒಂದೇ ಮನೆಯಲ್ಲಿ ನಾಲ್ಕು ವರ್ಷಕ್ಕೂ ಮೇಲೆ ಹೀಗೆ ಕಳೆದೆವು. ಹೊರಗಿನವರಿಗೆ ಏನೂ ಗೊತ್ತಾಗಲಿಲ್ಲ. ರೇಣುಕಾಳಿಗೂ ಗೊತ್ತಾಗಲಿಲ್ಲ.

ನಿನ್ನೆ ಸಂಜೆ ಎಲ್ಲರೂ ಆಸ್ಪತ್ರೆಯ ಕೋಣೆಯಲ್ಲಿಯೇ ಊಟಕ್ಕೆ ಕುಳಿತೆವು. ಮಹೇಶ ಚಾಪೆ ಹಾಸಿದ. ಬೀಗರು, ಬೀಗತಿ, ನಮ್ಮವರು, ನಾನು ಕೆಳಗೆ. ರೇಣುಕಾ ಮಂಚದ ಮೇಲೆ, ಆಕೆಗೆ ಮೆತ್ತಗಿನ ಅನ್ನ, ತುಪ್ಪ. ನಾನು ಮನೆಯಿಂದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಶಾವಿಗೆ ಪಾಯಸ ತಂದಿದ್ದೆ. ಕೂಸಿನ ಮೂಗು ಯಾರದೆಂದು ದೊಡ್ಡ ಜಗಳ ನಡೆದಿತ್ತು.

“ಮೂಗು ನಮ್ಮ ಕಡೇದs, ಅದರಾಗ ಮಾತಿಲ್ಲ” ಎಂದಳು ಬೀಗತಿ. ಆಮೇಲೆ ನನ್ನ ಕಡೆಗೆ ತಿರುಗಿದಳು. “ಕೂಸು ಸ್ವಲ್ಪ ದೊಡ್ಡದಾಗ್ಲಿ, ಎಲ್ಲಾರೂ ಕೂಡಿ ನಿಮ್ಮ ಆ ಸಮುದ್ರದ ಊರಿಗೆ ಹೋಗೂಣು. ಹ್ವಾದವ್ರು ಹನ್ನೆರಡ ದಿನಕ್ಕ ಯಾಕ ಓಡಿ ಬಂದ್ರಿ, ಯಾರೂ ಹೇಳಂಗಿಲ್ಲ ನೋಡ್ರಿ.”

ನಾನು ಪಲ್ಯದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ನಮ್ಮವರು ತಲೆ ಎತ್ತದೆ ಹೇಳಿದರು.

“ನನ್ನ ತಪ್ಪಿಂದ ಬಂದ್ವಿ. ಆಕಿ ಅಕ್ಕಲಕೋಟ್ಯಾಗ ಇದ್ದೆ ಅಂದ್ಲು, ನಾ ನಂಬಲಿಲ್ಲ. ಆಮ್ಯಾಲ ಹೋಗಿ ಕೇಳಿ ಬಂದೆ. ಅಲ್ಲೇ ಇದ್ಲು.”

ಬೀಗರಿಗೆ ತಲೆಬುಡ ತಿಳಿಯಲಿಲ್ಲ. ನನ್ನ ಕೈ ನಿಂತಿತು. ಗೊತ್ತಿದ್ದರೂ ಅವರ ಬಾಯಿಂದಲೇ ಕೇಳಬೇಕೆನ್ನಿಸಿತು.

“ಯಾವಾಗ ಕೇಳಿ ಬಂದ್ರಿ?”

“ಜ್ವಾಳಾ ತರಾಕ ಹೋಗ್ತೀನಿ ಅಂತ ಹೇಳಿ ಹ್ವಾದೆ.”

“ಅವತ್ತs ಹೇಳಾಕ ಏನಾಗಿತ್ತು?”

ಅವರು ಕೂಸಿನ ಕಡೆ ನೋಡಿದರು. “ನೀ ಅಕ್ಕಲಕೋಟ್ಯಾಗೂ ಇದ್ದಿ, ಆ ಸಮುದ್ರದ ಊರಾಗೂ ಇದ್ದಿ. ಎಂಟ ದಿನದ ಮ್ಯಾಲ ನಾ ಬಸ್ ಸ್ಟ್ಯಾಂಡಿಂದ ಮನಿಗೆ ಕರಕೊಂಡ ಬಂದಾಕಿ ಯಾವಾಕಿ ಅಂತ ಅಂಜಿದ್ದೆ. ಕೇಳಿದ್ರ ನೀ ಏನ್ ಹೇಳ್ತಿಯೋ ಅಂತ ಇನ್ನಾ ಅಂಜಿದ್ದೆ.”

ಬೀಗತಿ ಇದೇನೋ ಗಂಡ ಹೆಂಡಿರ ಚೇಷ್ಟೆ ಎಂದುಕೊಂಡು ಬಾಯಿಗೆ ಸೆರಗು ಹಿಡಿದು ನಕ್ಕಳು. ಮಹೇಶನೂ ನಕ್ಕ. ನಮ್ಮವರು ನಗಲಿಲ್ಲ. ಇಷ್ಟು ವರ್ಷ ನನ್ನ ಕೈಯಿಂದ ಉಂಡು, ನನ್ನ ಬದಿಗೆ ಮಲಗಿ, ನಾನು ಯಾರೆಂದು ಅಂಜುತ್ತಿದ್ದರಂತೆ. ಇದಕ್ಕೆ ಸಿಟ್ಟಾಗಬೇಕೋ, ಅಳಬೇಕೋ ನನಗೆ ಇನ್ನೂ ತಿಳಿದಿಲ್ಲ. ಆ ಊರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಉಗುರು ಇಟ್ಟುಕೊಂಡು ಯಾರ ಹಾದಿ ಕಾಯುತ್ತಿದ್ದಳೋ ಆ ಹೆಂಗಸು, ಅವಳು ಯಾರೆಂಬುದೂ ತಿಳಿದಿಲ್ಲ. ತಿಳಿಯುತ್ತದೆಂಬ ಆಸೆಯನ್ನೂ ಬಿಟ್ಟಿದ್ದೇನೆ.

“ಹಸಿವ್ಯಾಗೇದ, ಬಡಸವ್ವಾ” ಎಂದಳು ರೇಣುಕಾ ಮಂಚದ ಮೇಲಿಂದ.

ಮದುವೆಯಾದಾಗಿನಿಂದ ನಾನು ಮೊದಲು ಬಡಿಸುವುದು ನಮ್ಮವರಿಗೆ. ಅವರು ತಾಟು ಮುಂದೆ ಸರಿಸಿದರು. ನಾನು ಮಗಳಿಗೆ ಹಾಕಿದೆ, ಬೀಗತಿಗೆ ಹಾಕಿದೆ, ಬೀಗರಿಗೆ, ಮಹೇಶನಿಗೆ, ಆಮೇಲೆ ನನ್ನ ತಾಟಿಗೂ ಹಾಕಿಕೊಂಡೆ. ನಮ್ಮವರು ಖಾಲಿ ತಾಟಿನ ಮುಂದೆ ಕೈ ತೊಳೆದುಕೊಂಡು ಕುಳಿತಿದ್ದರು. ಕೊನೆಗೆ ಅವರಿಗೆ ಎರಡು ರೊಟ್ಟಿ ಹಾಕಿ, ಪಲ್ಯ ಹಾಕಿದೆ. ಎಲ್ಲರೂ ಉಣ್ಣತೊಡಗಿದೆವು.