ಅಕ್ಟೋಬರ್ ಆದಮೇಲೆ ಬಂದ ಜನವರಿ

ಹೋದ ವಾರ ಇಂಡಿಯನ್ ಗ್ರೋಸರಿಯಲ್ಲಿ ಬೇಳೆಯ ಜೊತೆ ಪುಕ್ಕಟೆ ಕ್ಯಾಲೆಂಡರು ಕೊಟ್ಟರು. ಅಡುಗೆಮನೆಯ ಮೊಳೆಗೆ ಸಿಕ್ಕಿಸಿ, ಯುಗಾದಿ ಯಾವತ್ತು ಬಂದಿದೆ ಎಂದು ಮಾರ್ಚಿನ ಹಾಳೆ ತಿರುಗಿಸಿದೆ. ಕೆಂಪಕ್ಷರ ಕಂಡದ್ದೇ ತಡ, ಕೆಳಗಿನ ಮನೆಯ ತಾತ ನೆನಪಾದರು...

ಸನ್ನಿವೇಲ್‌ನ ಆ ಅಪಾರ್ಟ್‌ಮೆಂಟಿನಲ್ಲಿ ನಾವು ಮೇಲೆ, ಅವರು ಕೆಳಗೆ. ಇಲ್ಲಿಯ ಅಮೆರಿಕನ್ನರೇ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಿಟಿ ಬಸ್ಸು ಓಡಿಸಿ ರಿಟೈರ್ ಆದವರು. ಮಕ್ಕಳಿರಲಿಲ್ಲ. ನನ್ನ ಮಗಳು ತಾತ ಎಂದು ಕರೆದಳು, ನಮಗೂ ಅದೇ ರೂಢಿಯಾಯಿತು. ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಗಿದ್ದರೂ ಆಕೆಯ ಚಿತಾಭಸ್ಮ ಕಿಟಕಿಯ ಪಕ್ಕ ಮರದ ಪೆಟ್ಟಿಗೆಯಲ್ಲಿತ್ತು. ಗೊತ್ತಾದ ದಿನವೇ, ನೀರಿಗೆ ಬಿಡಬಾರದೆ ಎಂದು ಕೇಳಿಯೇಬಿಟ್ಟೆ. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

ಆಗ ಹೇಳಿದರು. ಆ ಅಜ್ಜಿಗೆ ಅಪ್ಪ ಅಮ್ಮ ಯಾರೆಂದೇ ಗೊತ್ತಿರಲಿಲ್ಲವಂತೆ, ಯಾರ್ಯಾರದೋ ಮನೆಯಲ್ಲಿ ಬೆಳೆದವರು. ಸಾಯುವ ಮುಂಚೆ ಕೇಳಿಕೊಂಡದ್ದು ಒಂದೇ, ನಿನ್ನ ಜನರ ನಡುವೆ ನನ್ನನ್ನು ಇಡು ಅಂತ. ತಾತನಿಗೋ, ಅಪ್ಪ ಚಿಕ್ಕಂದಿನಲ್ಲೇ ಮನೆ ಬಿಟ್ಟುಹೋಗಿದ್ದರು, ಅಮ್ಮನ ಬೂದಿ ಸಮುದ್ರ ಸೇರಿತ್ತು. ಅವರ ಜನವೆಂದರೆ ನೂರಾರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಹಡಗು ಹತ್ತಿದವರು. ಯಾವ ಊರಿನಿಂದ? ಅದನ್ನೇ ಹುಡುಕುತ್ತಿದ್ದರು.

ಅಲ್ಲಿ ಜಮೀನ್ದಾರರಿಗೆ ತಮ್ಮದೇ ಕಚೇರಿ ಇರುತ್ತಿತ್ತಂತೆ. ಯಾವ ಒಕ್ಕಲು ಸತ್ತ, ಅವನ ಹೊಲ ಯಾವ ಮಗನಿಗೆ ಹೋಯಿತು, ಎಲ್ಲವನ್ನೂ ಚರ್ಮದ ಸುರುಳಿಗಳಲ್ಲಿ ಲ್ಯಾಟಿನ್ನಿನಲ್ಲಿ ಬರೆದಿಡುತ್ತಿದ್ದರು. ತಾತ ಆ ಸುರುಳಿಗಳ ಫೋಟೋ ತರಿಸಿಕೊಂಡು, ಆ ವಯಸ್ಸಿನಲ್ಲಿ ಲ್ಯಾಟಿನ್ ಕಲಿತು, ಭೂತಗನ್ನಡಿ ಹಿಡಿದು ಓದುತ್ತಿದ್ದರು. ಒಕ್ಕಲು ಸತ್ತರೆ ಅವನ ಕೊಟ್ಟಿಗೆಯ ಒಳ್ಳೇ ಹಸು ಜಮೀನ್ದಾರನ ಪಾಲು. ತಮ್ಮ ಹಿರಿಯರ ಹಸು ಹಾಗೆ ಹೋದದ್ದಕ್ಕೆ ನಿನ್ನೆ ಮೊನ್ನೆ ಆದಂತೆ ಸಿಟ್ಟಾಗುತ್ತಿದ್ದರು. ನನಗೆ ನಗು ಬರುತ್ತಿತ್ತು.

ಕೊನೆಗೂ ಸಿಕ್ಕಿತು. ಅವರದೇ ಮನೆತನದ ಹೆಸರು. ಅಪ್ಪ ಸತ್ತ ಮೇಲೆ ಅಕ್ಟೋಬರಿನಲ್ಲಿ ಕೂಡಿದ ಕಚೇರಿಯಲ್ಲಿ ಒಬ್ಬನೇ ಮಗ ಹೊಲ ವಹಿಸಿಕೊಂಡಿದ್ದ. ಕೆಲವು ವರ್ಷದ ನಂತರ ಅಮೆರಿಕಕ್ಕೆ ಬಂದ ಹಡಗಿನ ಪಟ್ಟಿಯಲ್ಲೂ ಅದೇ ಹೆಸರು. ತಾತ ಆ ಹಡಗಿನವನ ವಂಶದವರು. ಒಂದೇ ಒಂದು ತೊಡಕೆಂದರೆ, ಆ ಊರಿನ ಚರ್ಚಿನ ಪುಸ್ತಕದ ಪ್ರಕಾರ ಅದೇ ಹೆಸರಿನವನನ್ನು ಅದೇ ವರ್ಷದ ಜನವರಿಯಲ್ಲಿ ಹೂಳಿದ್ದರು. ಜನವರಿಯಲ್ಲಿ ಸತ್ತವನು ಅಕ್ಟೋಬರಿನಲ್ಲಿ ಹೊಲ ವಹಿಸಿಕೊಳ್ಳುವುದುಂಟೆ? ಜನವರಿಯಲ್ಲಿ ಸತ್ತವನು ಯಾರೋ ದಾಯಾದಿ ಎಂದು ತಾತ ಬದಿಗಿಟ್ಟರು. ಅಜ್ಜಿಯನ್ನು ಆ ಊರಿಗೆ ಕೊಂಡೊಯ್ಯಲು ಮೇ ತಿಂಗಳಿಗೆ ಟಿಕೆಟ್ಟು ಬುಕ್ಕಾಯಿತು. ಪೆಟ್ಟಿಗೆಗೊಂದು ಬಟ್ಟೆಯ ಚೀಲ ನಾನೇ ಹೊಲಿದುಕೊಟ್ಟೆ.

ಯುಗಾದಿಗೆ ಅವರನ್ನು ಹೋಳಿಗೆ ತಿನ್ನಲು ಕರೆದೆ. ಮಾರ್ಚಿನಲ್ಲಿ ಎಂಥ ಹೊಸ ವರ್ಷ ಎಂದರು. ನಮಗೆ ಜನವರಿ, ಫೆಬ್ರವರಿ ಇನ್ನೂ ಹಳೇ ಸಂವತ್ಸರವೇ ಎಂದೆ. ಹಿಂದೆ ಇಂಗ್ಲೆಂಡಿನಲ್ಲೂ ಮಾರ್ಚ್ ಇಪ್ಪತ್ತೈದಕ್ಕೇ ವರ್ಷ ಬದಲಾಗುತ್ತಿತ್ತು, ಎಲ್ಲೋ ಓದಿದ್ದೇನೆ ಎಂದು ನಕ್ಕರು.

ಆಫೀಸಿನಲ್ಲಿ ನನ್ನ ಕೆಲಸ ಟೆಸ್ಟಿಂಗು, ಬೇರೆಯವರ ತಪ್ಪು ಹುಡುಕುವುದು. ಸಿಕ್ಕಿದ ಖುಷಿಯಲ್ಲಿ ಹೇಳಿಯೇಬಿಟ್ಟೆ. ಹಾಗಾದರೆ ಚರ್ಚಿನ ಪುಸ್ತಕದ ಆ ಜನವರಿ ಅಕ್ಟೋಬರಿಗಿಂತ ಮುಂಚಿನದಲ್ಲ, ಆಮೇಲಿನದು. ಹೊಲ ವಹಿಸಿಕೊಂಡವನೇ ಮೂರು ತಿಂಗಳಲ್ಲಿ ಸತ್ತಿದ್ದಾನೆ, ಹಡಗು ಹತ್ತಿದವನು ಇನ್ಯಾರೋ... ತಾತ ಅರ್ಧ ಹೋಳಿಗೆ ತಟ್ಟೆಯಲ್ಲೇ ಬಿಟ್ಟು ಕೆಳಗೆ ಹೋದರು. ಮಾರನೆಯ ದಿನ ಮುಂದಿನ ಸುರುಳಿ ಓದಿದರು. ವಾರಸುದಾರರಿಲ್ಲದೆ ಹೊಲ ಜಮೀನ್ದಾರನಿಗೆ ಮರಳಿತ್ತು. ಟಿಕೆಟ್ಟು ಕ್ಯಾನ್ಸಲ್ ಮಾಡಿದರು.

"ನಿಂಗ್ಯಾಕೆ ಬೇಕಿತ್ತು ಈ ಉಸಾಬರಿ? ಪಾಪ, ನೆಮ್ಮದಿಯಾಗಿ ಹೋಗಿ ಬರ್ತಿದ್ರು," ಎಂದರು ನನ್ನವರು.

ನಾನು ಕೆಳಗಿಳಿದು ಹೋಗಿ ಗೋಗರೆದೆ. ಹೆಸರು ಅದೇ ಇದೆಯಲ್ಲ, ಅಲ್ಲಿ ನಿಮ್ಮನ್ನು ಯಾರು ಕೇಳುತ್ತಾರೆ, ಹೋಗಿಬನ್ನಿ ಎಂದೆ. ತಾತ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

"ಹುಟ್ಟಿದಾಗಿನಿಂದ ಅವಳು ಪರರ ಮನೆಯಲ್ಲೇ ಇದ್ದಳು," ಎಂದರು. "ಸತ್ತ ಮೇಲೂ ಅಲ್ಲಿಗೇ ಕಳಿಸಲೆ?"

ನನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುರುಳಿಗಳ ಫೋಟೋಗಳನ್ನೆಲ್ಲ ಕಟ್ಟಿ ಕಸಕ್ಕೆ ಹಾಕಿದರು, ಮೇಲಕ್ಕೆ ಬರುವುದನ್ನು ಬಿಟ್ಟರು. ಆ ನವೆಂಬರಿನಲ್ಲಿ ನಾವು ಬೆಂಗಳೂರಿಗೆ ಹೋಗಿದ್ದಾಗ ತೀರಿಕೊಂಡರು. ಬಂದು ನೋಡಿದರೆ ಮನೆ ಖಾಲಿ, ಗೋಡೆಗೆ ಹೊಸ ಬಣ್ಣ. ಪೆಟ್ಟಿಗೆ ಎಲ್ಲಿ ಎಂದು ಅಪಾರ್ಟ್‌ಮೆಂಟಿನ ಆಫೀಸಿನಲ್ಲಿ ಕೇಳಿದೆ. ಬಂಧುಗಳು ಯಾರೂ ಬರಲಿಲ್ಲ, ಸಾಮಾನು ಖಾಲಿ ಮಾಡುವವರು ಬಂದು ಎಲ್ಲ ಸಾಗಿಸಿದರು ಎಂದರು. ನೀವು ಅವರಿಗೆ ಏನಾಗಬೇಕು ಎಂದೂ ಕೇಳಿದರು. ಏನೂ ಇಲ್ಲ ಎಂದೆ.

ಇದೆಲ್ಲ ಆಗಿ ಆರು ವರ್ಷವಾಯಿತು. ಅಂದು ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಇನ್ನೊಮ್ಮೆ ಲೆಕ್ಕ ಹಾಕಿ ನೋಡಿದ್ದೇನೆ. ತಾತನನ್ನು ಎಲ್ಲಿಟ್ಟರೋ, ಆ ಅಜ್ಜಿ ಎಲ್ಲಿದ್ದಾರೋ ನನಗೆ ತಿಳಿಯದು. ಅಜ್ಜಿಯನ್ನು ನಮ್ಮ ಮನೆಗೆ ಕೊಡಿ ಎಂದು ತಾತನಿಗೆ ಹೇಳಲು ಆ ಬೇಸಿಗೆಯುದ್ದಕ್ಕೂ ನಾಲಗೆಯ ತುದಿಗೆ ಬರುತ್ತಿತ್ತು. ಬೂದಿಯ ಪೆಟ್ಟಿಗೆ ಮನೆಯೊಳಗೆ ಇಡುವುದು ನಮ್ಮಲ್ಲಿ ಆಗಿಬರುವುದಿಲ್ಲ ಎಂದುಕೊಂಡು ಕೇಳಲಿಲ್ಲ.